ಹಿಡಿಕೆ ಕಾಣದ ಕಾರಿನ ಬಾಗಿಲು ತೆರೆಯುವುದು ಹೇಗೆ?

ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಕೈಮರದಲ್ಲಿ ಚಹಾಕ್ಕೆಂದು ನಿಂತಿದ್ದೆವು. ಜಡಿಮಳೆ. ಭಾವ ಕೊಂಡ ಹೊಸ ವಿದ್ಯುತ್ ಕಾರಿನತ್ತ ಎಲ್ಲರಿಗಿಂತ ಮೊದಲು ಓಡಿದವರು ಸೋದರತ್ತೆ. ಕೊಂಡುಕೊಳ್ಳುವ ಮುಂಚೆ ಹಸುವಿನ ಮೈ ನೋಡುವವರಂತೆ ಬಾಗಿಲನ್ನು ಎರಡು ಸಲ ಸವರಿ, "ಇದಕ್ಕೆ ಹಿಡಿಕೆಯನ್ನೇ ಇಟ್ಟಿಲ್ಲವಲ್ಲೋ!" ಎಂದರು. ಕೀ ಭಾವನ ಜೇಬಿನಲ್ಲಿತ್ತು. ಭಾವ ಇನ್ನೂ ಬೋಂಡಾ ಕಾಯುತ್ತಿದ್ದರು.

ಹಿಡಿಕೆ ಇರುತ್ತದೆ, ಬಾಗಿಲಿನ ಮೈಗೆ ಸಮನಾಗಿ ಅಡಗಿರುತ್ತದೆ. ಗಾಳಿಯ ತಡೆ ತಗ್ಗಿದರೆ ಒಂದು ಚಾರ್ಜ್‌ಗೆ ಹೆಚ್ಚು ದೂರ ಓಡಬಹುದು ಎಂಬುದು ಲೆಕ್ಕ. ಹಿಡಿಕೆಯೊಂದರಿಂದ ಆಗುವ ಉಳಿತಾಯ ಅಲ್ಪ. ನನ್ನನ್ನು ಕೇಳಿದರೆ ಇದರಲ್ಲಿ ಚೆಂದದ ಪಾಲೇ ಹೆಚ್ಚು.

ಮೊದಲು ಕೀ ಹತ್ತಿರವಿದೆಯೇ ನೋಡಿ. ಹ್ಯುಂಡೈ ಅಯಾನಿಕ್ 5, ಬಿವೈಡಿ ಸೀಲ್‌ನಂಥ ಕಾರುಗಳಲ್ಲಿ ಲಾಕ್ ತೆರೆದೊಡನೆ ಹಿಡಿಕೆ ತಾನೇ ಹೊರಗೆ ಚಾಚಿಕೊಳ್ಳುತ್ತದೆ. ಟೆಸ್ಲಾ ಮಾಡೆಲ್ ವೈನಲ್ಲಿ ಹಾಗಲ್ಲ. ಹಿಡಿಕೆಯ ಅಗಲದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಉದ್ದನೆಯ ತುದಿ ಮೇಲೇಳುತ್ತದೆ. ಅದನ್ನು ಹಿಡಿದು ಎಳೆಯಬೇಕು. ಉಗುರು ತೂರಿಸಿ ಮೀಟಬೇಡಿ. ಬಣ್ಣ ಹೋಗುತ್ತದೆ, ಉಗುರೂ ಹೋಗುತ್ತದೆ.

ಮೊಬೈಲನ್ನೇ ಕೀಯಾಗಿ ಬಳಸುವವರು ಗಿರಿ ಹತ್ತುವ ಮುನ್ನ ಒಂದು ವಿಷಯ ತಿಳಿದಿರಬೇಕು. ಬ್ಲೂಟೂತ್ ಮೂಲಕ ತೆರೆಯುವ ಕಾರಿಗೆ ನೆಟ್‌ವರ್ಕ್ ಬೇಕಿಲ್ಲ. ದೂರದಿಂದ ಆ್ಯಪ್‌ನಲ್ಲಿ ತೆರೆಯುವುದಕ್ಕೆ ಮಾತ್ರ ಕಾರಿಗೂ ಮೊಬೈಲಿಗೂ ನೆಟ್‌ವರ್ಕ್ ಸಿಗಬೇಕು. ಬೆಟ್ಟದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ. ಕಾರ್ಡ್ ಅಥವಾ ರಿಮೋಟ್ ಕೀ ಜೊತೆಗಿರಲಿ.

ಕೀ ಇದ್ದೂ ಬಾಗಿಲು ಮಿಸುಕದಿದ್ದರೆ? ರಿಮೋಟಿನ ಪುಟ್ಟ ಸೆಲ್ ಸತ್ತಿರಬಹುದು, ಇಲ್ಲವೇ ಕಾರಿನ 12 ವೋಲ್ಟ್ ಬ್ಯಾಟರಿ ಸೋತಿರಬಹುದು. ಹಲವರು ಎಡವುವುದು ಇಲ್ಲಿಯೇ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿ ಬೇರೆ. ಲಾಕ್, ದೀಪ, ಪರದೆಗಳಿಗೆ ವಿದ್ಯುತ್ ಕೊಡುವ ಸಣ್ಣ ಬ್ಯಾಟರಿ ಬೇರೆ. ದೊಡ್ಡದು ತುಂಬಿ ತುಳುಕುತ್ತಿದ್ದರೂ ಸಣ್ಣದು ಸತ್ತರೆ ಬಾಗಿಲು ಬಾಯಿ ಬಿಡದು. ಹೆಚ್ಚಿನ ರಿಮೋಟ್‌ಗಳ ಹೊಟ್ಟೆಯಲ್ಲಿ ಲೋಹದ ಕೀ ಇರುತ್ತದೆ. ಬದಿಯ ಗುಂಡಿ ಒತ್ತಿ ಅದನ್ನು ಹೊರಗೆಳೆಯಿರಿ. ಅದರ ರಂಧ್ರ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಹಿಡಿಕೆಯ ಬಳಿ, ಕೆಲವು ಕಾರುಗಳಲ್ಲಿ ಸಣ್ಣ ಮುಚ್ಚಳದ ಕೆಳಗೆ ಇರುತ್ತದೆ. ಟೆಸ್ಲಾದಲ್ಲಿ ಇಂಥ ರಂಧ್ರವೇ ಇಲ್ಲ.

ಇನ್ನು ಒಳಗಿನಿಂದ ತೆರೆಯುವ ಮಾತು. ಹೊರಗಿನದಕ್ಕಿಂತ ಇದು ಮುಖ್ಯ. ಹಲವು ಹೊಸ ಕಾರುಗಳಲ್ಲಿ ಒಳಗೂ ವಿದ್ಯುತ್ ಗುಂಡಿಯೇ. ವಿದ್ಯುತ್ ಹೋದರೆ ಕೈಯಿಂದ ಎಳೆಯುವ ಬೇರೆ ಕೊಂಡಿ ಬೇಕು. ಮಾಡೆಲ್ ವೈನ ಮುಂದಿನ ಬಾಗಿಲಲ್ಲಿ ಅದು ಕಿಟಕಿ ಗುಂಡಿಗಳ ಮುಂದೆಯೇ ಇದೆ. ಆದರೆ ದಿನವೂ ಅದನ್ನೇ ಎಳೆಯಬಾರದು. ಗುಂಡಿ ಒತ್ತಿದಾಗ ಚೌಕಟ್ಟಿಲ್ಲದ ಗಾಜು ತುಸು ಕೆಳಗಿಳಿದು ದಾರಿ ಬಿಡುತ್ತದೆ. ಕೊಂಡಿ ಎಳೆದಾಗ ಗಾಜು ಇಳಿಯದೆ ಅಂಚಿಗೆ ತಾಗಬಹುದು. ಹಿಂದಿನ ಬಾಗಿಲಿಗೆ ಕೊಂಡಿ ಇದ್ದರೂ ಅದು ಇನ್ನೂ ಗುಟ್ಟಿನ ಜಾಗದಲ್ಲಿರುತ್ತದೆ. ಕೆಲವು ಮಾದರಿಗಳಲ್ಲಿ ಬಾಗಿಲಲ್ಲಿ ಸಾಮಾನಿಡುವ ಜೇಬಿನ ತಳದ ಹಾಸನ್ನು ಎತ್ತಿ, ಕೆಳಗಿನ ಮುಚ್ಚಳ ಬಿಚ್ಚಿ ತಂತಿ ಎಳೆಯಬೇಕು. ಗಾಬರಿಯಲ್ಲಿ ಅತ್ತೆ ಇದನ್ನು ಹುಡುಕಿಯಾರೇ?

ಇದು ಬರೀ ಕಲ್ಪನೆಯ ಭಯವಲ್ಲ. ತಂದೆತಾಯಿ ಕೆಳಗಿಳಿದ ಮೇಲೆ ಹೊರಗಿನ ಹಿಡಿಕೆ ಕೆಲಸ ಮಾಡದೆ, ಒಳಗುಳಿದ ಮಕ್ಕಳಿಗಾಗಿ ಗಾಜು ಒಡೆಯಬೇಕಾಯಿತೆಂಬ ದೂರುಗಳು ಬಂದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2021ರ ಮಾಡೆಲ್ ವೈ ಕಾರುಗಳ ತನಿಖೆಗಿಳಿಯಿತು. ಅಲ್ಲಿಯೂ ಸಂಶಯ ಬಿದ್ದದ್ದು ಸಣ್ಣ ಬ್ಯಾಟರಿಯ ಮೇಲೆ.

ಆದ್ದರಿಂದ ಕಾರು ಮನೆಗೆ ಬಂದ ವಾರವೇ ಅಂಗಳದಲ್ಲಿ ನಿಲ್ಲಿಸಿ, ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ನಾಲ್ಕೂ ಬಾಗಿಲುಗಳ ಕೊಂಡಿ ಎಲ್ಲಿದೆ ಎಂದು ಹುಡುಕಿ. ಹಿಂದೆ ಕೂರುವವರ ಕೈಯಿಂದಲೇ ಮುಟ್ಟಿಸಿ. ಚೈಲ್ಡ್ ಲಾಕ್ ಹಾಕಿದ್ದರೆ ಹಿಂದಿನ ಬಾಗಿಲು ಒಳಗಿನಿಂದ ಎಂದಿನಂತೆ ತೆರೆಯದು ಎಂಬುದನ್ನೂ ಹೇಳಿಡಿ.

ಸಣ್ಣ ಬ್ಯಾಟರಿ ಸತ್ತಿದ್ದರೆ ಕೈಪಿಡಿ ತೋರಿಸಿದ ಜಾಗಕ್ಕೆ ಮಾತ್ರ ಹೊರಗಿನ 12 ವೋಲ್ಟ್ ವಿದ್ಯುತ್ ಕೊಡಬೇಕು. ಕಿತ್ತಳೆ ಬಣ್ಣದ ದಪ್ಪ ತಂತಿ ಕಂಡರೆ ಮುಟ್ಟಬೇಡಿ. ಅದು ದೊಡ್ಡ ಬ್ಯಾಟರಿಯದು. ತರಬೇತಿ ಪಡೆದ ಮೆಕ್ಯಾನಿಕ್‌ಗೆ ಬಿಡಿ.