ಅಂಜೂರದ ಕಡ್ಡಿ ಚಿಗುರಿತು ಅಂತ ನಂಬಬೇಡಿ

ಬೀಜ ಹಾಕಿ ಅಂಜೂರ ಬೆಳೆಸೋಕೆ ಹೋಗಬೇಡಿ. ಸಸಿಯೇನೋ ಬರುತ್ತದೆ, ಆದರೆ ತಾಯಿಗಿಡದಂಥ ಹಣ್ಣೇ ಬಿಡುತ್ತದೆ ಅನ್ನೋ ಭರವಸೆ ಇಲ್ಲ. ಕಡ್ಡಿ ನೆಟ್ಟರೆ ಆ ತಲೆನೋವಿಲ್ಲ. ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿರೋ ಅಂಜೂರದ ಗಿಡಗಳೆಲ್ಲ ಕಡ್ಡಿಯಿಂದಲೇ ಬಂದವು. ಮೊದಲು ಕಡ್ಡಿ ತಂದಿದ್ದು ಶ್ರೀರಂಗಪಟ್ಟಣದ ಕಡೆಯ ನೆಂಟರ ತೋಟದಿಂದ. ಅಲ್ಲಿನ ಗಂಜಾಂ ಅಂಜೂರಕ್ಕೆ ಹಿಂದೆ ದೊಡ್ಡ ಹೆಸರಿತ್ತು.

ಡಿಸೆಂಬರ್, ಜನವರಿಯಲ್ಲಿ ಗಿಡ ಸವರುವಾಗ ಬೇಕಾದಷ್ಟು ಕಡ್ಡಿ ಸಿಗುತ್ತದೆ. ಹಸಿರು ತುದಿ ಬೇಡ, ಅದು ಕೊಳೆಯೋದೇ ಜಾಸ್ತಿ. ತೊಗಟೆ ಕಂದಾಗಿರೋ, ಪೆನ್ಸಿಲ್‌ ದಪ್ಪದ, ಒಂದು ಗೇಣುದ್ದದ ಕಡ್ಡಿ ಸಾಕು. 3–4 ಗೆಣ್ಣು ಇರಬೇಕು. ಬುಡವನ್ನು ಗೆಣ್ಣಿನ ಕೆಳಗೇ ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುತ್ತೇನೆ. ಆಮೇಲೆ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊಂದಲ ಆಗಲ್ಲ. ಕತ್ತರಿಸಿದ ಕಡೆ ಹಾಲು ಸೋರುತ್ತದೆ. ಮೈಗೆ ತಾಗಿದರೆ ಕೆಲವರಿಗೆ ತುರಿಕೆ. ಒಂದು ದಿನ ನೆರಳಲ್ಲಿಟ್ಟು, ಹಾಲು ಒಣಗಿದ ಮೇಲೆ ನೆಡುತ್ತೇನೆ. ಬೇರು ಬರಿಸೋ ಪುಡಿ ಹಚ್ಚಲೇಬೇಕು ಅಂತೇನಿಲ್ಲ, ಅಂಜೂರ ಸುಲಭಕ್ಕೆ ಬೇರು ಬಿಡೋ ಜಾತಿ.

ಅರ್ಧ ಮರಳು, ಅರ್ಧ ಕೆಮ್ಮಣ್ಣು. ಈ ಹಂತದಲ್ಲಿ ಗೊಬ್ಬರ ಬೇಡವೇ ಬೇಡ. ಎರಡು ಗೆಣ್ಣು ಮಣ್ಣೊಳಗೆ ಹೋಗಬೇಕು. ಆಮೇಲೆ ಕುಂಡ ನೆರಳಲ್ಲಿರಲಿ.

ಎಲ್ಲರೂ ಎಡವೋದು ಇದಾದ ಮೇಲೆ. ಕೆಲವು ವಾರಕ್ಕೆ ಎಲೆ ಒಡೆಯುತ್ತದೆ. ಹತ್ತಿಕೊಂಡಿತು ಅಂತ ಬಿಸಿಲಿಗಿಟ್ಟು ಚೆನ್ನಾಗಿ ನೀರು ಹಾಕುತ್ತೇವೆ, ಅಲ್ವಾ? ಆದರೆ ಆ ಎಲೆ ಬಂದಿದ್ದು ಕಡ್ಡಿಯೊಳಗೆ ಕೂಡಿಟ್ಟಿದ್ದ ಆಹಾರದಿಂದ. ಕೆಳಗೆ ಒಂದು ಬೇರೂ ಇಲ್ಲದಿರಬಹುದು. ಬಿಸಿಲಿಗೆ ಎಲೆ ಬಾಡುತ್ತದೆ, ನೀರು ಸಾಲದೇನೋ ಅಂತ ಇನ್ನಷ್ಟು ಸುರಿಯುತ್ತೇವೆ, ಬುಡ ಕೊಳೆಯುತ್ತದೆ. ಅದಕ್ಕೇ ನಾನು ಬಿಸ್ಲೇರಿ ಥರದ ನೀರಿನ ಬಾಟಲಿ ಅರ್ಧಕ್ಕೆ ಕತ್ತರಿಸಿ, ತಳಕ್ಕೆ ತೂತು ಮಾಡಿ, ಅದರಲ್ಲೇ ನೆಡುತ್ತೇನೆ. ಸುತ್ತ ಕಪ್ಪು ಕವರ್‌ ಸುತ್ತಿರುತ್ತೇನೆ. ಆಗಾಗ ಬಿಚ್ಚಿ ನೋಡಿದರೆ ಸಾಕು. ಮೊದಲು ಶಾವಿಗೆ ಎಳೆಯಂಥ ಬಿಳಿ ಬೇರು ಬಾಟಲಿಯ ಗೋಡೆಗೆ ಬಂದು ತಾಗುತ್ತದೆ. ಅದು ಕವಲೊಡೆದು ಕಂದು ತಿರುಗಿದ ಮೇಲೆ ದೊಡ್ಡ ಕುಂಡಕ್ಕೆ ಹೋಗಬಹುದು. ಅಲ್ಲಿವರೆಗೂ ಮೇಲ್ಮಣ್ಣು ಒಣಗಿದರೆ ಮಾತ್ರ ನೀರು. ಬೇರು ಬಂತಾ ಅಂತ ಕಡ್ಡಿ ಎಳೆದು ನೋಡೋ ಚಪಲ ಬಿಡಿ.

ನೆಲಕ್ಕೆ ಹಾಕೋವಾಗ ಚೆನ್ನಾಗಿ ಬಿಸಿಲು ಬೀಳೋ, ನೀರು ನಿಲ್ಲದ ಜಾಗ ನೋಡಿ. ಟೊಮೆಟೊ, ಬದನೆ ಬೆಳೆದು ಬೇರಲ್ಲಿ ಗಂಟು ಕಂಡ ಮಡಿ ಬೇಡ. ಆ ಗಂಟಿಗೆ ಕಾರಣವಾದ, ಮಣ್ಣಲ್ಲಿರೋ ಸಣ್ಣ ಜಂತುಹುಳು ಅಂಜೂರದ ಬೇರಿಗೂ ಬರುತ್ತದೆ. ಗುಂಡಿಗೆ ಕೊಟ್ಟಿಗೆ ಗೊಬ್ಬರ, ಜೊತೆಗೆ ಒಂದಿಷ್ಟು ಬೇವಿನ ಹಿಂಡಿ. ಮಳೆಗಾಲದಲ್ಲಿ ಎಲೆಯ ಹಿಂಬದಿ ತುಕ್ಕಿನ ಪುಡಿ ಥರ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆಗಳನ್ನು ಬುಡದಲ್ಲಿ ಬಿಡದೆ ಗುಡಿಸಿ ತೆಗೆಯಿರಿ.

ಹಣ್ಣು ಜಾಸ್ತಿ ಬರೋದು ಹೊಸ ಚಿಗುರಿನಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಸವರೋಕೆ ಕೈ ಹಿಂಜರಿಯಬಾರದು. ಕಾಯಿಯಲ್ಲೇ ಕಿತ್ತರೆ ಮನೆಯಲ್ಲಿ ಹಣ್ಣಾಗಲ್ಲ, ತೊಟ್ಟು ಬಾಗಿ ಮೆತ್ತಗಾಗೋವರೆಗೂ ಕಾಯಲೇಬೇಕು. ಅಷ್ಟರಲ್ಲಿ ಅಳಿಲು, ಪಿಕಳಾರ, ಬಾವಲಿ ಎಲ್ಲಕ್ಕೂ ಸುದ್ದಿ ಮುಟ್ಟಿರುತ್ತದೆ. ಬಣ್ಣ ತಿರುಗೋ ಮೊದಲೇ ಒಂದೊಂದು ಕಾಯಿಗೂ ತೆಳು ಬಟ್ಟೆಯ ಚೀಲ ಕಟ್ಟಿಬಿಡಿ.