ಮಲೆನಾಡಿನ ಅಂಚಿನಲ್ಲಿ ಹೊಸ ಸಾಮಿಲ್: ಜಾಗ ಗೊತ್ತುಮಾಡುವ ಕ್ರಮ

ಸಾಮಿಲ್ ಹಾಕಬೇಕೆಂದವರು ಮೊದಲು ಮೆಷಿನ್ ರೇಟು ವಿಚಾರಿಸುತ್ತಾರೆ, ಆಮೇಲೆ ಅಗ್ಗದ ಜಮೀನು ಹುಡುಕುತ್ತಾರೆ, ಕೊನೆಗೆ ಅರಣ್ಯ ಇಲಾಖೆಯ ಬಾಗಿಲು ತಟ್ಟುತ್ತಾರೆ. ದುಡ್ಡು ಮುಳುಗುವುದು ಈ ಕ್ರಮದಿಂದಲೇ. ಇಲಾಖೆಯಿಂದ ಶುರುಮಾಡಿ.

ಅರಣ್ಯ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ 1996ರಿಂದ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳ ನಂತರ ಸಾಮಿಲ್ ಲೈಸೆನ್ಸ್ ಸ್ಥಳೀಯವಾಗಿ ಮುಗಿಯುವ ಕೆಲಸವಾಗಿ ಉಳಿದಿಲ್ಲ. ಕೇಂದ್ರದ 2016ರ ಮಾರ್ಗಸೂಚಿಯಂತೆ ರಾಜ್ಯಮಟ್ಟದ ಸಮಿತಿ ಮರದ ಲಭ್ಯತೆ ನೋಡಿ ತೀರ್ಮಾನಿಸುತ್ತದೆ. ಅಧಿಸೂಚಿತ ಅರಣ್ಯದ ಗಡಿಯಿಂದ ವೈಮಾನಿಕ (ನೇರ ಗೆರೆಯ) ಅಂತರ ಕನಿಷ್ಠ 10 ಕಿಲೋಮೀಟರ್ ಇರಬೇಕು ಎಂಬುದು ದೊಡ್ಡ ಅಡ್ಡಿ. ರಸ್ತೆಯ ದೂರ ಇಲ್ಲಿ ಲೆಕ್ಕಕ್ಕಿಲ್ಲ. ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆ ಈ ಅಳತೆ ಹಿಡಿದರೆ ಹಳ್ಳಿ ಜಮೀನುಗಳು ಹೆಚ್ಚಿನವು ಹೊರಬೀಳುತ್ತವೆ. ಆದ್ದರಿಂದ ಕೈಗಾರಿಕಾ ವಸಾಹತಿನ ನಿವೇಶನವನ್ನು ಮೊದಲು ನೋಡಿ. ಅಲ್ಲಿ ನಿಮ್ಮ ಸರ್ವೆ ನಂಬರಿಗೆ ಅಂತರದ ನಿಯಮ ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಿಭಾಗೀಯ ಅರಣ್ಯ ಕಚೇರಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನ ಭರವಸೆ ನಂಬಿ ಅಡ್ವಾನ್ಸ್ ಕೊಡಬೇಡಿ. ಕೃಷಿ ಜಮೀನಾದರೆ ಭೂಪರಿವರ್ತನೆ ಬೇರೆ ಆಗಬೇಕು.

ಇನ್ನು ಮರ. 36 ಇಂಚು ಚಕ್ರದ ಬ್ಯಾಂಡ್ ಸಾ (ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿ ಗರಗಸ) ಒಂದು ಪಾಳಿಯಲ್ಲಿ ದಿನಕ್ಕೆ 200 ಸಿಎಫ್‌ಟಿ (ಘನ ಅಡಿ) ದಿಮ್ಮಿ ಸೀಳುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ದಿನವಾದರೆ 50,000 ಸಿಎಫ್‌ಟಿ ಬೇಕು. ಇಷ್ಟು ಸಿಲ್ವರ್ ಓಕ್, ಅಕೇಶಿಯಾ, ಹಲಸು 40–50 ಕಿಲೋಮೀಟರ್ ಸುತ್ತಿನಲ್ಲಿ ಸಿಗುತ್ತದೆಯೇ ಎಂದು ತೋಟತೋಟ ತಿರುಗಿ ಬರೆದುಕೊಳ್ಳಿ. ಅದೇ ಮರಕ್ಕೆ ಪ್ಲೈವುಡ್ ಕಾರ್ಖಾನೆಯವರೂ ಬರುತ್ತಾರೆ. ನೆಟ್ಟಗಿನ, ದಪ್ಪ ದಿಮ್ಮಿ ಅವರ ಪಾಲಾದರೆ ನಿಮಗೆ ಉಳಿಯುವುದು ಡೊಂಕು.

ವ್ಯಾಪಾರದ ಅಳತೆ ಸುತ್ತಳತೆಯ ಕಾಲುಭಾಗದ ವರ್ಗ: 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿಗೆ 12 × 12 × 10 ÷ 144, ಅಂದರೆ 10 ಸಿಎಫ್‌ಟಿ. ಈ ಸೂತ್ರ ನಿಜವಾದ ಗಾತ್ರದ ಶೇ 78.5ನ್ನು ಮಾತ್ರ ಹಿಡಿಯುತ್ತದೆ. ಪುಸ್ತಕದಲ್ಲಿ 100 ಸಿಎಫ್‌ಟಿ ಬರೆದರೆ ಲಾರಿಯಲ್ಲಿ ಬಂದದ್ದು ಸುಮಾರು 127. ಅದರಲ್ಲಿ ಹಲಗೆಯಾಗಿ ಹೊರಡುವುದು 60ರ ಆಸುಪಾಸು. ಲಾರಿ ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಪಾಲು ಹುಡಿ, ತೊಗಟೆ, ಅಂಚುಪಟ್ಟಿಗೇ ಹೋಗುತ್ತದೆ. ಹಾಗಾಗಿ ಮಿಲ್ ಗಿರಾಕಿಗಿಂತ ಮರಕ್ಕೆ ಹತ್ತಿರ ಇರಬೇಕು. ಆಮದು ದಿಮ್ಮಿ ಸೀಳುವವರಿಗೂ ಇದೇ ಲೆಕ್ಕ, ಅವರಿಗೆ ಮಂಗಳೂರು ಬಂದರಿನ ಹತ್ತಿರ ಅನುಕೂಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟಗಳೊಳಗೆ ಲಾರಿ ಇಳಿಯುವುದಿಲ್ಲ. ಇದರಲ್ಲಿ ಕನಿಷ್ಠ ಮೂರು ತಿಂಗಳ ದಾಸ್ತಾನು, ತಿಂಗಳಿಗೆ 25 ದಿನದಂತೆ, ಎಂದರೆ 200 × 25 × 3, ಒಟ್ಟು 15,000 ಸಿಎಫ್‌ಟಿ. ನಿಜವಾದ ಗಾತ್ರ 19,100. ದಿಮ್ಮಿಗಳ ನಡುವಿನ ಸಂದು ಸೇರಿ ಅಟ್ಟಿ (ಪೇರಿಸಿದ ರಾಶಿ) 32,000 ಘನ ಅಡಿ. ಆರಡಿ ಎತ್ತರಕ್ಕೆ ಪೇರಿಸಿದರೆ 5,300 ಚದರ ಅಡಿ. ಓಡಾಟದ ದಾರಿಗೆ ಅಷ್ಟೇ ಸೇರಿಸಿ, ಬರೀ ದಿಮ್ಮಿಗೇ 10 ಗುಂಟೆ. ಶೆಡ್, ಹಲಗೆ ಒಣಗಿಸುವ ಜಾಗ, ಲಾರಿ ತಿರುಗುವ ಜಾಗ ಸೇರಿದರೆ ಒಂದು ಎಕರೆಗೆ ಕಡಿಮೆ ಬೇಡ. ಎಲ್ಲ ಜಾತಿಯನ್ನೂ ದಿಮ್ಮಿಯಾಗಿ ಮಳೆಗಾಲಕ್ಕೆ ಉಳಿಸಬಾರದು. ಸಿಲ್ವರ್ ಓಕ್‌ಗೆ ಕಲೆ ಬೀಳುತ್ತದೆ, ಹುಳ ಹಿಡಿಯುತ್ತದೆ. ಮೇ ಒಳಗೆ ಸೀಳಿ, ಬೊರಾಕ್ಸ್-ಬೋರಿಕ್ ದ್ರಾವಣದಲ್ಲಿ ಅದ್ದಿ, ಹಲಗೆಗಳ ನಡುವೆ ರೀಪು (ತೆಳು ಪಟ್ಟಿ) ಕೊಟ್ಟು ಅಟ್ಟಿ ಹಾಕಿ. ನೀಲಗಿರಿ ಬಿಸಿಲಿಗೆ ತುದಿಯಿಂದ ಬಿರಿಯುತ್ತದೆ, ಬಂದ ವಾರದೊಳಗೇ ಸೀಳಬೇಕು. ಮಳೆಗಾಲಕ್ಕೆ ದಿಮ್ಮಿಯಾಗಿ ಉಳಿಯಬಲ್ಲದ್ದು ತೇಗದಂಥ ಗಟ್ಟಿ ತಿರುಳಿನ ಮರ.

ಜಮೀನನ್ನು ಮಾರ್ಚ್‌ನಲ್ಲಿ ನೋಡಿ ಒಪ್ಪಬೇಡಿ, ಜುಲೈನಲ್ಲಿ ಮತ್ತೊಮ್ಮೆ ಹೋಗಿ. ಬ್ಯಾಂಡ್ ಸಾದ ಕೆಳಚಕ್ರ ನೆಲಮಟ್ಟಕ್ಕಿಂತ ಕೆಳಗೆ ಗುಂಡಿಯಲ್ಲಿ ತಿರುಗುತ್ತದೆ. ಪಕ್ಕದ ಬಾವಿಯ ನೀರು ಮಳೆಗಾಲದಲ್ಲಿ ಮೇಲಕ್ಕೇ ಬಂದಿದ್ದರೆ ಆ ಗುಂಡಿಯಲ್ಲೂ ನೀರು ನಿಲ್ಲುತ್ತದೆ, ಹುಡಿ ಕೆಸರಾಗುತ್ತದೆ, ಬೇರಿಂಗ್ ಕೆಡುತ್ತದೆ. ನೂರಡಿಗೆ ಒಂದೆರಡು ಅಡಿ ಇಳಿಜಾರು, ಗಟ್ಟಿ ಗ್ರಾವೆಲ್ ನೆಲ ಇದ್ದರೆ ಒಳ್ಳೆಯದು. ಬರುವ ದಾರಿಯ ಮೋರಿ, ಸೇತುವೆಗಳನ್ನೂ ನೋಡಿ. ತುಂಬಿದ ಲಾರಿ ತಾಳದ ಒಂದೇ ಮೋರಿ ಇಡೀ ಜಾಗವನ್ನು ನಿರುಪಯೋಗಿ ಮಾಡುತ್ತದೆ.

ಕರೆಂಟಿನಲ್ಲಿ ಮೋಸಹೋಗುವುದು ಸುಲಭ. ಪಂಪ್‌ಸೆಟ್ ಲೈನ್ ಪಕ್ಕದಲ್ಲೇ ಇದ್ದರೂ ಮಿಲ್ಲಿಗೆ ಬಾರದು, ಕೈಗಾರಿಕಾ ಸಂಪರ್ಕವೇ ಬೇಕು. ಮುಖ್ಯ ಮೋಟಾರ್ 20 ಎಚ್‌ಪಿ, ರೀಸಾ (ಸೀಳಿದ ಮರವನ್ನು ಮತ್ತೆ ಸೀಳುವ ಗರಗಸ) 10, ಬ್ಲೇಡು ಮಸೆಯುವುದು ಇತ್ಯಾದಿ ಸೇರಿಸಿ ಲೋಡ್ ಕೇಳಿ. ಟ್ರಾನ್ಸ್‌ಫಾರ್ಮರ್ ದೂರವಿದ್ದರೆ ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ವೋಲ್ಟೇಜ್ ಅಳೆಸಿ. 415 ಇರಬೇಕಾದಲ್ಲಿ 380ಕ್ಕಿಂತ ಕೆಳಗಿಳಿದರೆ ಮೋಟಾರ್ ಕಾಯುತ್ತದೆ, ಎಳೆತ ಸಾಲದೆ ಬ್ಲೇಡು ವಾಲುತ್ತದೆ, ಹಲಗೆ ಅಲೆಅಲೆಯಾಗುತ್ತದೆ. ತಪ್ಪು ಮಿಸ್ತ್ರಿಯ ತಲೆಗೆ ಬೀಳುತ್ತದೆ.

ಶೆಡ್ ನಕ್ಷೆ, ದಿಮ್ಮಿಯನ್ನು ಬ್ಲೇಡಿಗೆ ಒಯ್ಯುವ ಟ್ರಾಲಿಯ ಹಳಿಯಿಂದ ಶುರುವಾಗಲಿ. ದಿಮ್ಮಿ ಬ್ಲೇಡಿನ ಈಚೆ ಪೂರ್ತಿ ನಿಲ್ಲಬೇಕು, ಆಚೆ ಪೂರ್ತಿ ದಾಟಬೇಕು. 16 ಅಡಿ ದಿಮ್ಮಿಗೆ ಹಳಿ 40 ಅಡಿ, ಶೆಡ್ 60 × 30. ಪಶ್ಚಿಮ, ನೈಋತ್ಯಕ್ಕೆ ಗೋಡೆ ಕಟ್ಟಿ, ಪೂರ್ವ ತೆರೆದಿಡಿ. ಮಳೆಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದಲೇ. ದಿಮ್ಮಿ ಒಂದು ತುದಿಯಿಂದ ಬಂದು ಹಲಗೆ ಇನ್ನೊಂದು ತುದಿಯಿಂದ ಹೊರಡಲಿ. ಬ್ಲೇಡು ಮಸೆಯುವ ಕೋಣೆಯನ್ನು ಹುಡಿಯ ರಾಶಿಯಿಂದ ದೂರ ಇಡಿ, ಮಸೆಗಲ್ಲಿನ ಕಿಡಿ ಸಾಕು ಬೆಂಕಿಗೆ. ಮೆಷಿನ್ ಬುಡದ ಕಾಂಕ್ರೀಟಿಗೆ 28 ದಿನ ತುಂಬುವ ಮೊದಲು ಬ್ಯಾಂಡ್ ಸಾ ಓಡಿಸಬೇಡಿ. ಬುಡ ಸಡಿಲಾದರೆ ಚಕ್ರಗಳ ನೇರ ತಪ್ಪಿ ಬ್ಲೇಡು ಪದೇಪದೇ ಕಳಚುತ್ತದೆ. ಮೆಷಿನ್ನಿನ ಆರ್ಡರನ್ನಂತೂ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಕೊಡಿ.