ಮಗಳಿಗೆ ಮಿಲೆನಾ ಅಂತ ಹೆಸರಿಟ್ಟಿದ್ದು ಹೀಗೆ

ನಾನು ತೀರ್ಥಹಳ್ಳಿಯವಳು. ಗಂಡ ಜೆಕ್ ದೇಶದವರು. ನಮ್ಮ ಮನೆ ಇರುವುದು ಬ್ರನೋ ನಗರದಲ್ಲಿ. ಮಗಳಿಗೆ ಸ್ಲಾವಿಕ್ ಹೆಸರೇ, ಅಂದರೆ ಜೆಕ್, ರಷ್ಯನ್ ಸೇರಿದ ಭಾಷಾ ಬಳಗದ ಹೆಸರೇ ಇಡೋಣ ಅಂತ ಹಟ ಹಿಡಿದಿದ್ದು ನಾನೇ. ಅವಳು ಹುಟ್ಟಿ ಬೆಳೆಯುವ ಊರಿನ ಕಡೆಯ ಹೆಸರು ಅವಳಿಗಿರಲಿ, ಆದರೆ ನಮ್ಮಮ್ಮನಿಗೂ ಅದು ಬಾಯಿತುಂಬ ಕರೆಯೋಕೆ ಬರಬೇಕು ಅನ್ನುವುದು ನನ್ನ ಆಸೆಯಾಗಿತ್ತು.

ಮೊದಲು ಮಾಡಿದ ಕೆಲಸ ಸೋಸುವುದು. 'ಸ್ಲಾವಿಕ್ ಹೆಸರುಗಳು' ಅಂತ ಸಿಗುವ ಪಟ್ಟಿಗಳಲ್ಲಿ ಹೊರಗಿನಿಂದ ಬಂದ ಹೆಸರುಗಳೇ ಜಾಸ್ತಿ. ಯಾನಾ ಹೀಬ್ರೂ ಮೂಲದ್ದು. ಅನಸ್ತಾಸಿಯಾ ಗ್ರೀಕ್, ನತಾಲಿಯಾ ಲ್ಯಾಟಿನ್. ಓಲ್ಗಾ ಅಂದರೆ ರಷ್ಯಾವೇ ನೆನಪಾಗುತ್ತದೆ, ಆದರೆ ಅದು ಸ್ಕ್ಯಾಂಡಿನೇವಿಯಾದ ಹೆಲ್ಗಾ. ವ್ಯೆರಾ ಅಂದರೆ ನಂಬಿಕೆ, ನಾದ್ಯೆಜ್ದಾ ಅಂದರೆ ಭರವಸೆ. ಪದಗಳು ಸ್ಲಾವಿಕ್ ನಿಜ, ಆದರೆ ಹೆಸರಾಗಿ ಬಂದದ್ದು ಕ್ರೈಸ್ತ ಸಂತರ ಗ್ರೀಕ್ ಹೆಸರುಗಳ ಅನುವಾದದಿಂದ. ಸ್ವೆತ್ಲಾನಾ ತುಂಬ ಹಳೆಯ ಹೆಸರು ಅಂದುಕೊಂಡಿದ್ದೆ. ಅದು 19ನೇ ಶತಮಾನದ ರಷ್ಯನ್ ಕವಿಗಳ ಕೊಡುಗೆಯಂತೆ, 1813ರ ಒಂದು ಕಥನಕವನದಿಂದ ಮನೆಮಾತಾಯಿತು. ಇವೆಲ್ಲ ಚಂದದ ಹೆಸರುಗಳೇ. ಆದರೆ ನನಗೆ ಬೇರಿನಿಂದಲೇ ಈ ಭಾಷೆಯದ್ದಾದ ಹೆಸರು ಬೇಕಿತ್ತು.

ಅರ್ಥಗಳನ್ನು ಒಂದೊಂದಾಗಿ ಹುಡುಕುವುದನ್ನು ನಾನು ಬೇಗ ಬಿಟ್ಟೆ. ಹಳೆಯ ಸ್ಲಾವಿಕ್ ಹೆಸರುಗಳಲ್ಲಿ ಹೆಚ್ಚಿನವು ಎರಡು ತುಂಡು ಸೇರಿ ಆದವು. ಆ ತುಂಡುಗಳನ್ನು ಕಲಿತರೆ ಸಾಕು, ಹೆಸರು ತಾನೇ ಬಿಚ್ಚಿಕೊಳ್ಳುತ್ತದೆ. 'ಮಿಲ್' ಅಂದರೆ ಪ್ರೀತಿಪಾತ್ರ, 'ಮಿರ್' ಅಂದರೆ ಶಾಂತಿ, 'ಸ್ಲಾವಾ' ಅಂದರೆ ಕೀರ್ತಿ, 'ರಾದ್' ಅಂದರೆ ಸಂತೋಷ, 'ಬೋಗ್' ಅಂದರೆ ದೇವರು. ಜೆಕ್‌ನಲ್ಲಿ ಇದೇ 'ಬೋಗ್' ಹೆಸರುಗಳೊಳಗೆ 'ಬೊಹ್' ಆಗುತ್ತದೆ. ಇಷ್ಟು ಗೊತ್ತಿದ್ದರೆ ಮಿರೊಸ್ಲಾವಾ, ರಾದ್ಮಿಲಾ, ಬೊಹುಮಿಲಾ ಯಾವುದನ್ನೂ ಯಾರನ್ನೂ ಕೇಳಬೇಕಾಗಿಲ್ಲ. ಬೊಹುಮಿಲಾ ಅಂದರೆ ದೇವರಿಗೆ ಪ್ರಿಯಳಾದವಳು, ಅಲ್ವಾ?

ಈ ಕೆಲಸ ಮಾಡುವಾಗ ಅಪ್ಪನಿಗೆ ಫೋನ್ ಹಚ್ಚಿ ಒಂದೊಂದೇ ಹೆಸರು ಹೇಳುತ್ತಿದ್ದೆ. ವಸಂತದ ದೇವತೆ ವೆಸ್ನಾ ನಮ್ಮ 'ವಸಂತ'ದ ನೆಂಟಳು. ಝೀವಾ ಅಂದರೆ ಜೀವ. ಸ್ವೆತ್ಲಾನಾದ 'ಸ್ವೆತ್' ನಮ್ಮ 'ಶ್ವೇತ'ಕ್ಕೆ ಸೇರಿದ್ದು. ಅಲ್ಲಿಯವರೆಗೆ ಸುಮ್ನೆ ಕೇಳುತ್ತಿದ್ದ ಅಪ್ಪ ಆಮೇಲೆ ತಾವೇ ಫೋನ್ ಮಾಡಿ ಮುಂದಿನ ಹೆಸರು ಯಾವುದು ಅಂತ ವಿಚಾರಿಸತೊಡಗಿದರು.

ಅರ್ಥ ಒಪ್ಪಿಗೆಯಾದ ಮೇಲೆ ಕರೆದು ನೋಡಬೇಕು. ಇದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತ ಹೇಳುತ್ತೇನೆ. ನನಗೆ ತುಂಬ ಇಷ್ಟವಾಗಿದ್ದು ಬೊಹ್ದಾನಾ, ದೇವರು ಕೊಟ್ಟವಳು. ಆದರೆ ಇಲ್ಲಿ ಅದನ್ನು ಮೊಟಕು ಮಾಡಿ 'ದಾನಾ' ಅನ್ನುತ್ತಾರೆ, ಅದೂ ಎರಡು ಸ್ವರಗಳನ್ನೂ ಹ್ರಸ್ವವಾಗಿ. ನಮ್ಮ ಕಿವಿಗೆ ಅದು 'ದನ' ಅಂತಲೇ ಕೇಳುತ್ತದೆ. ಬೇಸಿಗೆ ರಜೆಗೆ ತೀರ್ಥಹಳ್ಳಿಗೆ ಹೋಗುವ ಮಗುವಿಗೆ ಆ ಹೆಸರು ಬೇಡ ಅನಿಸಿತು. ಮುಂಜಾವು ಅನ್ನುವ ಅರ್ಥದ ಜೋರಾ ಕೂಡ ಹಾಗೇ ಬಿಟ್ಟುಹೋಯಿತು. ಇನ್ನೊಂದು ವಿಷಯ, ಜೆಕ್‌ನಲ್ಲಿ ಕೂಗಿ ಕರೆಯುವಾಗ ಹೆಸರಿನ ಕೊನೆ ಬದಲಾಗುತ್ತದೆ. ವ್ಯೆರಾ 'ವ್ಯೆರೊ' ಆಗುತ್ತಾಳೆ, ವ್ಲಾಸ್ತಾ 'ವ್ಲಾಸ್ತೊ' ಆಗುತ್ತಾಳೆ. ದಿನವೂ ಕಿವಿಗೆ ಬೀಳುವುದು ಆ ರೂಪವೇ. ಹಾಗಾಗಿ ಅದನ್ನೂ ಜೋರಾಗಿ ಹೇಳಿ ನೋಡಬೇಕು.

ಅತ್ತೆಯ ಮನಸ್ಸಿನಲ್ಲಿ ಲುದ್ಮಿಲಾ ಇತ್ತು, ಅವರ ತಾಯಿಯ ಹೆಸರು. ಜನರಿಗೆ ಪ್ರಿಯಳಾದವಳು ಅಂತ ಅರ್ಥ. ಸಂತ ಲುದ್ಮಿಲಾ ಈ ದೇಶದ ದೊಡ್ಡ ಹೆಸರು. ಸಂತ ವಾತ್ಸ್ಲಾವ್‌ನ ಅಜ್ಜಿ ಅವಳು. 921ರಲ್ಲಿ ತೆಟೀನ್ ಕೋಟೆಯಲ್ಲಿ ಕತ್ತು ಹಿಸುಕಿ ಅವಳನ್ನು ಕೊಂದರು. ಹೆಸರಿಗೆ ಇಷ್ಟು ಗೌರವವಿದ್ದರೂ ಗಂಡನಿಗೆ ಒಪ್ಪಿಗೆಯಾಗಲಿಲ್ಲ. ಲುದ್ಮಿಲಾ, ಬೊಝೆನಾ, ಲಿಬುಶೆ ಇವೆಲ್ಲ ಈಗಿನವರ ಕಿವಿಗೆ ಅಜ್ಜಿಯರ ಹೆಸರುಗಳು, ನಮ್ಮಲ್ಲಿ ಈಗ ಹುಟ್ಟಿದ ಕೂಸಿಗೆ ವೆಂಕಟಲಕ್ಷ್ಮಮ್ಮ ಅಂದ ಹಾಗೆ. ಅತ್ತೆ ಏನೂ ಹೇಳಲಿಲ್ಲ, ಆದರೆ ಅವರ ಮುಖ ಸಣ್ಣಗಾಯಿತು.

ಆಗ ತುಂಡುಗಳ ಪಾಠ ಉಪಯೋಗಕ್ಕೆ ಬಂತು. ಲುದ್ಮಿಲಾದಿಂದ 'ಮಿಲ್' ಉಳಿಸಿಕೊಂಡರೆ ಮಿಲಾದಾ, ಮಿಲುಶೆ, ಮಿಲೆನಾ ಸಿಗುತ್ತವೆ. ಮಿಲೆನಾ ಅಂದರೆ ಮುದ್ದಿನವಳು. ಬರೆಯೋಕೆ ಸುಲಭ, ಎರಡೂ ಕಡೆ ಬಾಯಿಗೆ ಸಲೀಸು. ಲೇಖಕ ಕಾಫ್ಕಾ ಪತ್ರ ಬರೆಯುತ್ತಿದ್ದ ಪತ್ರಕರ್ತೆ ಮಿಲೆನಾ ಯೆಸೆನ್ಸ್ಕಾ ಹೆಸರೂ ಇದೇ. ನಾಜಿಗಳು ದೇಶ ಹಿಡಿದಾಗ ಅವಳು ಅವರ ವಿರುದ್ಧ ನಿಂತಳು, 1944ರಲ್ಲಿ ರಾವೆನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ತೀರಿಕೊಂಡಳು. ಮಗಳಿಗೆ ಮುಂದೆ ಹೇಳೋಕೆ ಒಬ್ಬ ಒಳ್ಳೆಯ ಮಿಲೆನಾ ಇದ್ದಾಳೆ ಅನ್ನುವುದು ನನಗೆ ಬಹಳ ಮುಖ್ಯವಾಯಿತು. ಊರಿನಲ್ಲಿ ಕೆಲವರು ಇದನ್ನು ಮಿಲನಾ ಅನ್ನುತ್ತಾರೆ. ಎರಡಕ್ಕೂ ಸಂಬಂಧವಿಲ್ಲ, ಆದರೂ ಪ್ರೀತಿಯಿಂದ ಕರೆಯುವವರನ್ನು ತಿದ್ದಲು ನನಗೆ ಮನಸ್ಸಿಲ್ಲ.

ಅತ್ತೆ ತಕ್ಷಣ ಕ್ಯಾಲೆಂಡರ್ ತೆಗೆದರು. ಇಲ್ಲಿ ಹೆಚ್ಚುಕಡಿಮೆ ಪ್ರತಿ ದಿನಕ್ಕೂ ಒಂದು ಹೆಸರು ಇರುತ್ತದೆ. ಆ ಹೆಸರಿನವರಿಗೆ ಅಂದು ಹೂವು, ಚಾಕೊಲೇಟ್ ಕೊಟ್ಟು ಶುಭಾಶಯ ಹೇಳುತ್ತಾರೆ. ಮಿಲೆನಾದ ದಿನ ಜನವರಿ 24. ಲುದ್ಮಿಲಾದ್ದು ಸೆಪ್ಟೆಂಬರ್ 16.

ಕಾಗದಪತ್ರದ ಬಗ್ಗೆ ಒಂದು ಮಾತು. ಹೆರಿಗೆಗೆ ಹೋಗುವ ಮೊದಲೇ ಹೆಸರಿನ ಫಾರಂ ತುಂಬಿ, ಇಬ್ಬರೂ ಸಹಿ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಮೊಟಕು ಮಾಡಿದ ಮುದ್ದು ಹೆಸರನ್ನು, ಹೆಣ್ಣುಮಗುವಿಗೆ ಗಂಡಿನ ಹೆಸರನ್ನು ದಾಖಲೆಯಲ್ಲಿ ಬರೆಯುವುದಿಲ್ಲ. ಕಚೇರಿಯವರಿಗೆ ಪರಿಚಯವಿಲ್ಲದ ಹೆಸರಾದರೆ ತಜ್ಞರ ಪತ್ರ ಕೇಳಬಹುದು. ಎರಡು ಹೆಸರು ಇಡೋಕೆ ಅವಕಾಶವಿದೆ. ನಾವು ಎರಡನೆಯದಾಗಿ ತುಂಗಾ ಅಂತ ಬರೆಸಿದೆವು. ಅಡ್ಡಹೆಸರಿನ ಕೊನೆಗೆ ಹೆಣ್ಣುಮಕ್ಕಳಿಗೆ ಸೇರಿಸುವ 'ಓವಾ' 2022ರ ಜನವರಿಯಿಂದ ಕಡ್ಡಾಯವಲ್ಲ. ನಾವು ಇಟ್ಟುಕೊಂಡೆವು, ಅತ್ತೆಯ ಹೆಸರಿನಲ್ಲೂ ಅದಿದೆ ಅಂತ.

ನಾವು ಇಡದೆ ಉಳಿದವುಗಳಲ್ಲಿ ವೆಸ್ನಾ ನನಗೆ ಈಗಲೂ ಇಷ್ಟ. ಬ್ರನೋದಲ್ಲಿ ಹೆಣ್ಣುಮಕ್ಕಳ ಓದಿಗಾಗಿ ದುಡಿದ 1870ರ ಸಂಘವೊಂದರ ಹೆಸರೂ ವೆಸ್ನಾ. ಹೂವು ಅನ್ನುವ ಅರ್ಥದ ಕ್ವ್ಯೆತಾ, ತಿಳಿಬೆಳಕು ಅನ್ನುವ ಅರ್ಥದ ಯಾಸ್ನಾ ಕೂಡ ಕನ್ನಡದ ಬಾಯಿಗೆ ಕಷ್ಟವಲ್ಲ. ಇಟ್ಟು ನೋಡಿ.